ಬಣ್ಣ ಒಣಗುವ ಮುನ್ನ

“ಒಂದು... ಎರಡು...”

“ತಾಳ್ರಮ್ಮಾ, ತಾಳ್ರಿ! ಬಣ್ಣ ಇನ್ನೂ ಒಣಗಿಲ್ಲ!”

ಶವಪೆಟ್ಟಿಗೆಗೆ ಹೆಗಲು ಕೊಡಲು ಬಗ್ಗಿದ್ದ ಆರು ಹೆಂಗಸರು ಬೋರ್ಡ್ ಬರೆಯುವವನ ಕೂಗಿಗೆ ನೆಟ್ಟಗಾದರು. ಪೆಟ್ಟಿಗೆಯ ಪಕ್ಕಕ್ಕೆ ಅವನು ಕೆಂಪಗೆ ಬರೆದದ್ದು ಒಂದೇ ಪದ: ದೊಡ್ಡಮ್ಮ.

ದೊಡ್ಡಮ್ಮ ಹಗಲೆಲ್ಲ ತಮ್ಮ ಲಾಂಡ್ರಿಯಲ್ಲಿ ಊರವರ ಬಟ್ಟೆಯ ಸುಕ್ಕು ಬಿಡಿಸಿ, ಸಂಜೆ ಹಿಂದಿನ ಶೆಡ್ಡಿನಲ್ಲಿ ತಮ್ಮ ಮಾಂಸಖಂಡಗಳಿಗೆ ಗೆರೆ ಕೊಡುತ್ತ ಬದುಕಿದವರು. ದೇಹದಾರ್ಢ್ಯದಲ್ಲಿ ನಾಲ್ಕು ಸಲ, ಪವರ್‌ಲಿಫ್ಟಿಂಗಿನಲ್ಲಿ ಒಂಬತ್ತು ಸಲ ಚಾಂಪಿಯನ್. ಪದಕಗಳೆಲ್ಲ ಗಿರಾಕಿಗಳ ಚೀಟಿ ಚುಚ್ಚುವ ಮೊಳೆಗೇ ನೇತುಬಿದ್ದಿದ್ದವು.

“ನಾ ಹೊರಲ್ಲ,” ಎಂದಳು ಆ ಆರರಲ್ಲೊಬ್ಬಳು, ದೊಡ್ಡಮ್ಮನ ತಂಗಿಯ ಮಗಳು. “ಭಾನುವಾರ ಸ್ಪರ್ಧೆಗೂ ಹೋಗಲ್ಲ. ನೂರು ಕಿಲೋ ಎತ್ತಿದವರಿಗಷ್ಟೇ ಜಾಗ. ನಾನು ಎಂಟು ತಿಂಗಳಿಂದ ತೊಂಬತ್ತೈದರಲ್ಲೇ ಗೂಟ ಹೊಡ್ಕೊಂಡು ಕೂತಿದೀನಿ. ನನ್ನ ಕೈಲಿ ದೊಡ್ಡಮ್ಮ ಜಾರಿದ್ರೆ?”

ಬೋರ್ಡ್ ಬರೆಯುವವನ ಕುಂಚ ಡಬ್ಬಿಗೆ ಬಿತ್ತು. “ಅಯ್ಯೋ, ಅವರು ಹೇಳೇ ಇಲ್ವಾ ನಿಂಗೆ?”

*

ಎಂಟು ತಿಂಗಳ ಹಿಂದೆ ದೊಡ್ಡಮ್ಮ ಅವನ ಮುಂದೆ ಭಾರ ಎತ್ತುವ ಕಂಬಿಗೆ ಸಿಕ್ಕಿಸುವ ಎರಡು ಕಬ್ಬಿಣದ ಪ್ಲೇಟು ಇಟ್ಟಿದ್ದರು.

“ಇವುಗಳ ಮೇಲೆ ಇಪ್ಪತ್ತು ಕಿಲೋ ಅಂತ ಬರಿ.”

“ಇಪ್ಪತ್ತೈದರವಲ್ವಾ ಇವು?”

“ನಮ್ಮ ಹುಡುಗಿ ತೋಳು ಗಟ್ಟಿ, ಎದೆ ಪುಕ್ಕಲು. ನೂರು ಅಂದ್ರೆ ಸಾಕು, ಕಂಬಿ ಬಿಟ್ಟು ಓಡ್ತಾಳೆ. ಸ್ಪರ್ಧೆ ದಿನ ನಾನೇ ಹೇಳ್ತೀನಿ. ಅಲ್ಲೀವರೆಗೆ ಬಾಯಿ ಬಿಟ್ಟೆಯೋ, ಡಬ್ಬಿ ಸಮೇತ ನಿನ್ನೆತ್ತಿ ಅಟ್ಟದ ಮೇಲಿಡ್ತೀನಿ!”

*

ಕೊನೆಯ ಮಾತನ್ನು ಅವನು ಎದೆಯುಬ್ಬಿಸಿ ದೊಡ್ಡಮ್ಮನ ಗೊಗ್ಗರು ದನಿಯಲ್ಲೇ ಒಪ್ಪಿಸಿದ. ಇಬ್ಬರು ಹೆಂಗಸರು ಬೆಚ್ಚಿ ಪೆಟ್ಟಿಗೆಯತ್ತ ನೋಡಿದರು.

ಹುಡುಗಿ ಶೆಡ್ಡಿಗೆ ಓಡಿದಳು. ಒಂದು ಪ್ಲೇಟನ್ನು ಎದೆಗವಚಿ ತಂದು ಬಟ್ಟೆ ತೂಗುವ ಕಾಟಾದ ಮೇಲೆ ಇಟ್ಟಳು. ಮುಳ್ಳು ಇಪ್ಪತ್ತರ ಹತ್ತಿರ ನಿಲ್ಲದೆ, ನೆಂಟರ ಮನೆ ದಾಟಿ ಹೋದಂತೆ ಮುಂದೆ ಹೋಗಿ, ಇಪ್ಪತ್ತೈದರಲ್ಲಿ ಕೂತಿತು.

“ಒಂದೊಂದ್ರಲ್ಲೂ ಐದು ಜಾಸ್ತಿ... ಹಾಗಾದ್ರೆ ನಾನು ಎತ್ತಿದ್ದು...”

“ನೂರೈದು ಕಣೇ!” ಅವಳ ಅಮ್ಮ ಸೆರಗಿನಲ್ಲಿ ಮೂಗೊರೆಸಿಕೊಂಡಳು. “ನಮ್ಮಕ್ಕ ಸತ್ತ ಮೇಲೂ ಬಿಡ್ಲಿಲ್ಲ ನೋಡು!”

“ಮೋಸ!” ಹುಡುಗಿ ಪೆಟ್ಟಿಗೆಗೆ ಬೆರಳು ತೋರಿಸಿದಳು. “ಎಂಟು ತಿಂಗಳು, ದೊಡ್ಡಮ್ಮಾ! ಕಳ್ಳಿ!”

ಯಾರೋ ಕಿಸಕ್ಕೆಂದರು. ಆಮೇಲೆ ಎಲ್ಲರೂ. ಎಲ್ಲರಿಗಿಂತ ಜೋರಾಗಿ, ಕಣ್ಣೀರು ಒರೆಸಿಕೊಳ್ಳಲೂ ಪುರುಸೊತ್ತಿಲ್ಲದೆ ನಕ್ಕವಳು ಅವಳೇ. ನಗುತ್ತಲೇ ಹೋಗಿ ಪೆಟ್ಟಿಗೆಗೆ ಹೆಗಲೊತ್ತಿದಳು.

“ಬಣ್ಣ!” ಎಂದ ಬೋರ್ಡ್ ಬರೆಯುವವನು.

“ಒಂದು, ಎರಡು, ಮೂರು!”

ಪೆಟ್ಟಿಗೆ ಮೇಲೆದ್ದಿತು. ದೊಡ್ಡಮ್ಮ ಹೋದ ವಾರವಷ್ಟೇ ಇಸ್ತ್ರಿ ಮಾಡಿಕೊಟ್ಟಿದ್ದ ಹುಡುಗಿಯ ಬಿಳಿ ಅಂಗಿಯ ಹೆಗಲ ಮೇಲೆ ಆ ಒಂದು ಪದ ಕೆಂಪಗೆ, ಹಿಂದುಮುಂದಾಗಿ, ಅಚ್ಚೊತ್ತಿತ್ತು.