ಕೂಸಪ್ಪನ ವ್ಯಾನಿನ ನೀರು

ಕಾರಡ್ಕದ ಕೂಸಪ್ಪ ಪ್ರಾಯವಿಡೀ ಟೂರಿಸ್ಟ್ ವ್ಯಾನು ಓಡಿಸಿದವರು. ಅವರ ಕೊನೆಯ ವ್ಯಾನು ಹಳತಾಗಿ, ಬಾಡಿಗೆಗೆ ಯಾರಿಗೂ ಬೇಡವಾದಾಗ ಅದನ್ನು ಗುಜರಿಗೆ ಕೊಡಲು ಮನಸ್ಸಾಗಲಿಲ್ಲ. ಹಿಂದಿನ ಸೀಟುಗಳನ್ನು ಕಿತ್ತು ಒಳಗೊಂದು ಸಣ್ಣ ಮನೆಯನ್ನೇ ಮಾಡಿಬಿಟ್ಟರು. ಮಲಗಲು ಫೋಮಿನ ಹಾಸಿಗೆ, ಅದರಡಿಯಲ್ಲಿ ನೀರಿನ ಟ್ಯಾಂಕಿ, ಬಾಗಿಲ ಬಳಿ ಸಿಂಕು, ಬ್ಯಾಟರಿಯಿಂದ ನಡೆಯುವ ಪಂಪು. ಹಾಸಿಗೆಯ ಕವರನ್ನೂ ಕಿಟಕಿಯ ಪರದೆಗಳನ್ನೂ ಹೊಲಿದವಳು ಮಗಳು ನಮಿತಾ. ತಾಯಿ ತೀರಿದ ಮೇಲೆ ಮನೆಯಲ್ಲಿದ್ದದ್ದು ಅವರಿಬ್ಬರೇ. ಅಪ್ಪ, ಮಗಳು ಆ ವ್ಯಾನಿನಲ್ಲಿ ಗೋಕರ್ಣ ದಾಟಿ ಕಾರವಾರದವರೆಗೂ ಹೋಗಿ ಬಂದಿದ್ದರು.

ಎರಡು ಸಾವಿರದ ಹದಿನಾಲ್ಕರ ಬೇಸಿಗೆಯಲ್ಲಿ ಕೂಸಪ್ಪ ಮನೆಯೊಳಗೆ ಮಲಗುವುದನ್ನು ಬಿಟ್ಟರು. "ಒಳಗೆ ಎಂತ ಸೆಕೆ ಮಾರಾಯ್ತಿ, ನನಗೆ ವ್ಯಾನೇ ಸಾಕು," ಎಂದು ಅಂಗಳದಲ್ಲಿ ನಿಂತ ವ್ಯಾನಿಗೆ ದಿಂಬು ಒಯ್ದರು. ಆಮೇಲೆ ಶುರುವಾಯಿತು ಸೋರಿಕೆ. ಬೆಳಿಗ್ಗೆ ನೋಡಿದರೆ ಹಾಸಿಗೆಯ ಅಡಿಯಿಂದ ಬಾಗಿಲವರೆಗೆ ನೀರು. ನೆಲದ ಪ್ಲೈವುಡ್ ಉಬ್ಬತೊಡಗಿತ್ತು.

"ಟ್ಯಾಂಕಿದು ಲೀಕ್ ಉಂಟು," ಎಂದರು ಕೂಸಪ್ಪ. ಬೆನ್ನು ನೋವೆಂದು ತಾವು ಕೈ ಹಾಕಲಿಲ್ಲ.

ಸ್ಪ್ಯಾನರು ಹಿಡಿಯುವುದನ್ನು ಅಪ್ಪನಿಂದಲೇ ಕಲಿತ ನಮಿತಾ ಹಾಸಿಗೆಯ ಹಲಗೆ ಎತ್ತಿ ಒಳಗೆ ತಲೆ ತೂರಿಸಿದಳು. ಪಂಪಿನ ಬಾಯಿಯಲ್ಲಿ ಪೈಪು ಬಿರಿದಿತ್ತು. ಬದಲಿಸಿ ಹೊಸ ಕ್ಲಿಪ್ ಹಾಕಿದಳು. ಮರುದಿನವೂ ನೀರು. ಸಿಂಕಿನ ಕೆಳಗಿನ ಜಾಯಿಂಟಿಗೆ ಟೇಪು ಸುತ್ತಿದಳು. ಆಗಲೂ ನೀರು. ಟ್ಯಾಂಕಿಯ ಮೂಲೆಯಲ್ಲಿ ಕೂದಲೆಳೆಯಂಥ ಗೆರೆ ಕಂಡು ಅದಕ್ಕೂ ಎಂಸೀಲ್ ಮೆತ್ತಿದಳು. ಎಲ್ಲ ಜಾಯಿಂಟುಗಳ ಕೆಳಗೆ ಪೇಪರು ಹಾಸಿ ಹಗಲಿಡೀ ಪಂಪು ನಡೆಸಿದಾಗ ಒಂದು ಹನಿಯೂ ಬೀಳಲಿಲ್ಲ. ಬೆಳಗಾದರೆ ಮತ್ತೆ ಅದೇ ನೀರು.

"ನೀನು ಸರಿಯಾಗಿ ಬಿಗಿ ಮಾಡುವುದಿಲ್ಲ," ಎಂದು ಅಪ್ಪ ಗದರಿದಾಗ ಅವಳಿಗೆ ಅಳು ಬಂತು. ಹಾಗೆ ಮಾತಾಡುವ ಮನುಷ್ಯ ಅಲ್ಲ ಅವರು.

ಟ್ಯಾಂಕಿಯನ್ನೇ ಹೊರಗೆ ತೆಗೆದು ನೋಡುವುದೆಂದು ಅವಳು ತೀರ್ಮಾನಿಸಿದಳು. ಒಂದು ಸಂಜೆ ಅಪ್ಪ ಮುಳ್ಳೇರಿಯ ಪೇಟೆಗೆ ಹೋಗಿದ್ದಾಗ ಅಡಿಯ ಬಿರಡೆ ಬಿಚ್ಚಿ ನೀರನ್ನೆಲ್ಲ ಬಸಳೆಯ ಬುಡಕ್ಕೆ ಬಿಟ್ಟಳು. ಉಳಿದದ್ದನ್ನು ನಾಳೆ ಮಾಡಿದರಾಯಿತೆಂದುಕೊಂಡಳು. ಅಪ್ಪನಿಗೆ ಹೇಳಲು ಮರೆತುಹೋಯಿತು.

ಬೆಳಿಗ್ಗೆ ಚಾ ಒಯ್ದಾಗ ಕೂಸಪ್ಪ ವ್ಯಾನಿನ ಮೆಟ್ಟಿಲಲ್ಲಿ ಕುಳಿತಿದ್ದರು. ಪಕ್ಕದಲ್ಲಿ ಬಕೆಟು. ಒಳಗೆ ನೆಲ ತೊಯ್ದಿತ್ತು.

"ನೋಡು, ಪುನಃ ಲೀಕ್!"

ನಮಿತಾ ಒಳಗೆ ಹತ್ತಿ ನೆಲ ನೋಡಿದಳು, ಅಪ್ಪನ ಮುಖ ನೋಡಿದಳು. ಬಾಯಿಗೆ ಬಂದದ್ದನ್ನು ತಡೆಯಲಾಗಲಿಲ್ಲ. "ಅಪ್ಪಾ, ಟ್ಯಾಂಕಿಯಲ್ಲಿ ನೀರೇ ಇಲ್ಲ. ನಿನ್ನೆಯೇ ಖಾಲಿ ಮಾಡಿದ್ದೇನೆ."

ಕೂಸಪ್ಪ ಎದ್ದು ಅವಳನ್ನು ದಾಟಿ ಒಳಗೆ ನುಗ್ಗಿ, ಹಾಸಿಗೆಯ ಮೇಲೆ ಎರಡೂ ಕೈ ಊರಿ ನಿಂತರು. "ಮುಟ್ಟಬೇಡ. ನೀನು ಹೋಗು."

ಅಷ್ಟರಲ್ಲಿ ಅವಳು ಕವರಿನ ತುದಿ ಎತ್ತಿ ಆಗಿತ್ತು. ಫೋಮಿನಿಂದ ಎದ್ದ ವಾಸನೆ ನೀರಿನದಲ್ಲ. ಹಾಸಿಗೆ ಒದ್ದೆಯಾದಾಗಲೆಲ್ಲ ಅಪ್ಪ ಬಕೆಟಿನಿಂದ ನೀರು ಹೊಯ್ದು ತೊಳೆದು, ತಪ್ಪನ್ನು ಸೋರಿಕೆಯ ಮೇಲೆ ಹಾಕಿದ್ದಾರೆಂದು ಅವಳಿಗೆ ಹೊಳೆಯಿತು. ವ್ಯಾನಿಗೆ ಬಂದು ಮಲಗಿದ್ದೂ ಅದಕ್ಕೇ. ಅವಳು ಕವರನ್ನು ಪೂರ್ತಿ ಸರಿಸಿದಳು: ಫೋಮಿನ ಮೇಲೆ ಕೆಂಪು ಕಲೆಗಳು, ಹಳೆಯವು, ಹೊಸವು.

"ಇದು ರಕ್ತ ಅಲ್ವಾ? ಯಾವಾಗಿಂದ?"

ಕೂಸಪ್ಪ ಕಿಟಕಿಯ ಕಡೆ ತಿರುಗಿದರು. "ದೀಪಾವಳಿ ಆದ ಮೇಲೆ."

"ಹೇಳಬಾರದಿತ್ತಾ?"

"ಮಗಳ ಹತ್ತಿರ ಎಂತ ಹೇಳುವುದು? ಹಾಸಿಗೆಯಲ್ಲಿ ಮೂತ್ರ ಹೋಗ್ತದೆ ಅಂತ ಹೇಳುವುದಾ?" ಕಿಟಕಿಯ ಪರದೆ ಎಳೆದರು. "ನನಗೆ ಕ್ಯಾನ್ಸರೇ. ಗೊತ್ತುಂಟು. ಇನ್ನೊಂದು ಸಲ ಕಾರವಾರಕ್ಕೆ ಹೋಗಿ ಬರುವ ಅಂತ ಇತ್ತು. ಅಷ್ಟೇ."

ನಮಿತಾ ನೆಲದ ಆ ನೀರಿನಲ್ಲೇ ಕುಸಿದು ಕೂತಳು. ಆಮೇಲೆ ಅವಳು ಮುಖ ಒರೆಸಿಕೊಂಡು, "ಅಂಗಿ ಬದಲಿಸಿ. ಕಾಸರಗೋಡಿಗೆ ಹೋಗುವ," ಎಂದಳು. ಅಪ್ಪ ಎದುರಾಡಲಿಲ್ಲ. ಅದೇ ಅವಳಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ಆಸ್ಪತ್ರೆಯಲ್ಲಿ ಸ್ಕ್ಯಾನ್ ನೋಡಿದ ಡಾಕ್ಟರು, ಪ್ರಾಸ್ಟೇಟ್ ಊದಿ ದಾರಿ ಕಟ್ಟಿದೆ, ಮೂತ್ರಕೋಶದಲ್ಲಿ ಕಲ್ಲು ಬೆಳೆದಿದೆ, ರಕ್ತ ಅದರಿಂದಲೇ ಎಂದರು. ಕ್ಯಾನ್ಸರ್ ಹೌದೋ ಅಲ್ಲವೋ ಪರೀಕ್ಷೆ ಆಗದೆ ಹೇಳಲಾರೆ ಎಂದೂ ಸೇರಿಸಿದರು. ಆಪರೇಷನ್ ಆಯಿತು. ತೆಗೆದ ತುಂಡು ಪರೀಕ್ಷೆಗೆ ಹೋಯಿತು. ಕ್ಯಾನ್ಸರ್ ಅಲ್ಲ ಎಂದು ಡಾಕ್ಟರು ಹೇಳಿದ ದಿನ ಕೂಸಪ್ಪ ಗೋಡೆಯ ಕಡೆ ಮುಖ ಮಾಡಿ ಅತ್ತರು.

ಅವರು ಮನೆಗೆ ಬಂದ ಮೇಲೆ ಹಳೆಯ ಜೊತೆಗಾರ, ಡ್ರೈವರ್ ಉಗ್ಗಪ್ಪ ನೋಡಲು ಬಂದರು. "ಎಂತ ಆದದ್ದು ಮಾರಾಯ?"

ಹೊಟ್ಟೆನೋವೆಂದೋ ಏನೋ ಅಪ್ಪ ಸುಳ್ಳು ಹೇಳುತ್ತಾರೆಂದು ನಮಿತಾ ಅಡುಗೆಮನೆಯಿಂದ ಕಿವಿಗೊಟ್ಟಳು. ಕೂಸಪ್ಪ ಗಂಟಲು ಸರಿಮಾಡಿಕೊಂಡು ಹಾಸಿಗೆ, ರಕ್ತ, ಬಕೆಟು ಎಲ್ಲವನ್ನೂ ಇದ್ದ ಹಾಗೆ ಹೇಳಿದರು. ಉಗ್ಗಪ್ಪ ಚಾ ಗ್ಲಾಸು ಕೆಳಗಿಟ್ಟರು. ಚಾ ತಣ್ಣಗಾಗುತ್ತಿತ್ತು. ಕೊನೆಗೆ ಬಾಗಿಲ ಕಡೆ ಒಮ್ಮೆ ನೋಡಿ, ಸ್ವರ ತಗ್ಗಿಸಿ ಕೇಳಿದರು:

"ಆ ಡಾಕ್ಟರು ಯಾವ ದಿನ ಸಿಗ್ತಾರೆ?"