ಹದಿನಾಲ್ಕನೇ ನಂಬರಿನ ಕೂಗು

ತೆರೆಯ ಮೇಲೆ ಬಟ್ಟೆಯೊಂದು ಸುತ್ತುತ್ತಿದೆ, ಉಕ್ಕಿನ ಬಾನಿಯ ಅಂಚಿನ ಮೇಲೆ ನಿಧಾನಕ್ಕೆ, ಮುಖ ಕಾಣುವುದಿಲ್ಲ, ಕೈ ಮಾತ್ರ — ಆದರೆ ಆ ಕೈಯ ಗುರುತು ಹಿಡಿಯಲು ಇವನಿಗೆ ಮುಖ ಬೇಕೇ, ಅಣ್ಣನ ಕೈ ಅದು, ಹದಿನೆಂಟು ವರ್ಷ ಇವನ ಜೊತೆ ಒಂದೇ ಬೇಕರಿಯಲ್ಲಿ ಹಿಟ್ಟು ನಾದಿದ ಕೈ, ಹುಳಿ ಬಂತೇನೋ, ಮೂಸಿ ನೋಡೋ ಎಂದು ಮುದ್ದೆಯನ್ನು ಮೂಗಿಗೇ ಹಿಡಿಯುತ್ತಿದ್ದ ಕೈ, ಈಗ ಆನ್‌ಲೈನ್ ಹರಾಜಿಗಿಟ್ಟ ಹಿಟ್ಟು ನಾದುವ ಯಂತ್ರವನ್ನು ಮಗುವಿನ ಬಾಯಿ ಒರೆಸಿದ ಹಾಗೆ ಒರೆಸುತ್ತಿದೆ, ಇಲ್ಲಿ ಇವನ ಪಕ್ಕದಲ್ಲಿ ಮಗಳು, ಬ್ರೆಡ್ಡಿನ ಟ್ರೇಗಳ ನಡುವೆ ಲ್ಯಾಪ್‌ಟಾಪ್ ಇಟ್ಟುಕೊಂಡು ಬೆಳಗ್ಗೆಯಿಂದ ಪಾಠ ಹೇಳುತ್ತಿದ್ದಾಳೆ, ಅಪ್ಪಾ, ಅರವತ್ತು ಸಾವಿರ ಅಂದ್ರೆ ಅರವತ್ತೇ, ಅದರ ಮೇಲೆ ಒಂದು ಕಾಸೂ ಹೋಗ್ಬೇಡ, ಕಮಿಷನ್ನು ಸಾಗಣೆ ಬೇರೆ ಇರತ್ತೆ, ಮೊದಲೇ ಆಸೆ ತೋರಿಸ್ಬೇಡ, ಎರಡನೇ ಕರೆವರೆಗೂ ಸುಮ್ನಿರು, ಆಮೇಲೆ ಒಂದೊಂದೇ ಸಾವಿರ ಏರಿಸು, ಹೆಸರು ಯಾರಿಗೂ ಕಾಣಲ್ಲ, ನೀನು ಹದಿನಾಲ್ಕನೇ ನಂಬರು ಅಷ್ಟೇ — ಅದೇ ಒಳ್ಳೆಯದು, ಹೆಸರು ಕಂಡರೆ ಅಣ್ಣ ಅದನ್ನು ಗುಜರಿಗೆ ಹಾಕಿಯಾನೇ ಹೊರತು ಇವನಿಗೆ ಕೊಡಲಾರ, ಯಾಕಾದರೂ ಕೊಡಬೇಕು, ಬೇರೆಯಾದ ಮೇಲೆ ಅದೇ ಬೀದಿಯಲ್ಲಿ ಎದುರಿಗೇ ಅಂಗಡಿ ಹಾಕಿದವನು ಇವನು, ಬ್ರೆಡ್ಡಿನ ತೂಕ ಸದ್ದಿಲ್ಲದೆ ಕಡಿಮೆ ಮಾಡಿ ಬೆಲೆ ಇಳಿಸಿದವನು ಇವನು, ಜನ ಬೀದಿ ದಾಟಿ ಈ ಕಡೆ ಬಂದರು, ಅಣ್ಣ ಬೆಲೆಯನ್ನೂ ಮುಟ್ಟಲಿಲ್ಲ ತೂಕವನ್ನೂ ಮುಟ್ಟಲಿಲ್ಲ, ನಾಲ್ಕು ವರ್ಷ ನೊಣ ಹೊಡೆಯುತ್ತ ಕೂತ, ಹೋದ ತಿಂಗಳು ಬಾಗಿಲೆಳೆದ — ಒಂಬತ್ತನೇ ನಂಬರು, ಇಪ್ಪತ್ತು ಸಾವಿರ, ಒಂದು ಸಲ, ಹರಾಜಿನವನ ದನಿ, ಗುಜರಿಯವನಿರಬೇಕು ಅಪ್ಪಾ, ಕಬ್ಬಿಣದ ಲೆಕ್ಕಕ್ಕೆ ಕೂಗ್ತಿದಾನೆ, ಬೇರೆ ಯಾರೂ ಇಲ್ಲ, ನಮಗೆ ಇಪ್ಪತ್ತೊಂದಕ್ಕೇ ಸಿಗತ್ತೆ, ಹೌದು, ಸಿಗುತ್ತದೆ, ಇಲ್ಲಿಯ ಯಂತ್ರ ಕೈಕೊಟ್ಟು ವಾರವಾಯಿತು, ಹೊಸದಕ್ಕೆ ಎರಡು ಲಕ್ಷ, ಇದು ಬಿಟ್ಟಿ ಸಿಕ್ಕ ಹಾಗೆ, ಬಿಟ್ಟಿ, ಅಣ್ಣನಿಂದ ಪಡೆದದ್ದೆಲ್ಲ ಬಿಟ್ಟಿಯೇ ತಾನೇ, ಹಿಟ್ಟಿನ ಹದ ಕಲಿಸಿದ್ದಕ್ಕೆ ಇವನು ಏನು ಕೊಟ್ಟ, ಜ್ವರ ಬಂದಾಗ ಮೂರು ದಿನ ಇವನ ಪಾಳಿಯನ್ನೂ ತಾನೇ ಮಾಡಿ, ಮಲ್ಕೊಳ್ಳೋ, ಹಿಟ್ಟೇನು ನಿನ್ನ ಮುಖ ನೋಡಿ ಉಬ್ಬತ್ತಾ ಎಂದದ್ದಕ್ಕೆ ಏನು ಕೊಟ್ಟ, ಎರಡು ಸಲ, ಈಗ ಅಪ್ಪಾ, ಇಪ್ಪತ್ತೊಂದು ಒತ್ತು, ಬೆರಳು ಎರಡನ್ನು ದಾಟಿ ಆರರ ಮೇಲೆ ಕೂತಿತು, ಆಮೇಲೆ ಸೊನ್ನೆ, ಇನ್ನೊಂದು, ಇನ್ನೊಂದು, ಇನ್ನೊಂದು — ಅಪ್ಪಾ ಏನ್ ಮಾಡ್ದೆ, ಅಷ್ಟೆಲ್ಲ ಹೇಳಿಕೊಟ್ಟಿದ್ನಲ್ಲ, ಹೌದು ಮಗಳೇ, ನೀನು ಸರಿಯಾಗೇ ಹೇಳಿದ್ದೆ, ಹರಾಜಿನವನೂ ಒಂದು ಕ್ಷಣ ತಡವರಿಸಿದ, ನಂಬರು ಹದಿನಾಲ್ಕು, ಅರ... ಅರವತ್ತು ಸಾವಿರ, ಸ್ಪೀಕರಿನಲ್ಲಿ ಯಾರೋ ಉಸಿರೆಳೆದ ಸದ್ದು, ಅಣ್ಣನದೇ, ಗೊತ್ತಾಯಿತೇ ಅವನಿಗೆ, ಇಷ್ಟು ದಡ್ಡತನದಿಂದ ಕೂಗುವವನು ಊರಿಗೆಲ್ಲ ಒಬ್ಬನೇ ಎಂದು ಅಣ್ಣನಿಗಲ್ಲದೆ ಇನ್ನಾರಿಗೆ ಗೊತ್ತಾಗಬೇಕು, ಮೂರು ಸಲ — ಬಟ್ಟೆ ನಿಂತಿದೆ, ಬಾನಿಯ ಅಂಚಿನ ಮೇಲೆ ಕೈ, ಐದೂ ಬೆರಳು ಅಗಲಿಸಿ, ಅಲುಗದೆ, ಕೈ