ಅಪ್ಪ ಕೊಟ್ಟ ಕತ್ತಲೆ ಔಷಧಿ

೧೯೮೪ರಲ್ಲಿ ನನ್ನ ಮದುವೆ ಗೊತ್ತಾದಾಗ ಅವ್ವ ಬನಶಂಕರೆವ್ವ ಒಂದೇ ಹಟ ಹಿಡಿದಳು: ಮಗಳು ದ್ರಾಕ್ಷಾಯಣಿಯ ಮದುವೆ ಸೀರೆಯನ್ನು ತಾನೇ ನೇಯಬೇಕು. ಬೆಟಗೇರಿಯಲ್ಲಿ ನಮ್ಮದು ಕೈಮಗ್ಗದ ಮನೆ; ನೆಲದ ಕುಣಿಯಲ್ಲಿ ಕಾಲಿಳಿಸಿ ಕೂತು ನೇಯುವ ಮಗ್ಗ. ಆದರೆ ತಿಂಗಳಲ್ಲಿ ಇಪ್ಪತ್ತು ದಿನ ಅವ್ವನಿಗೆ ರಕ್ತ ಹೋಗುತ್ತಿತ್ತು. ಮುಟ್ಟಾದವರು ಮಗ್ಗ ಮುಟ್ಟಬಾರದೆಂಬುದು ನಮ್ಮ ಮನೆಯ ಕಟ್ಟಳೆ. ಸೀರೆ ಅರ್ಧಕ್ಕೇ ನಿಂತಿತು.

ಗದಗಿನ ಡಾಕ್ಟರ್ ವಿಮಲಾಬಾಯಿ ಪರೀಕ್ಷೆ ಮಾಡಿಸಿದರು. ಗರ್ಭಕೋಶದ ಒಳಪದರ ಬೇಡದಷ್ಟು ದಪ್ಪ ಬೆಳೆದಿದೆ, ಕ್ಯಾನ್ಸರ್ ಅಲ್ಲ, ಮೂರು ತಿಂಗಳು ಗುಳಿಗೆ ನುಂಗಿ ನೋಡೋಣ ಎಂದರು. ಅವ್ವ ಅದನ್ನು ಅಪ್ಪನಿಗೆ ಬಿಡಿಸಿ ಹೇಳಿದಳು: "ತಿಂಗಳಾ ತಿಂಗಳಾ ನೇಯ್ದದ್ದು ಕೊಯ್ದು ತಗೀಬೇಕ್ರಿ. ನನ್ನೊಳಗ ಕೊಯ್ಯಲಾರದ ನೇಯ್ಕೊಂತ ಹೊಂಟೈತಂತ."

ಕತ್ತಲಾದ ಮೇಲೆ ಮೈಯಲ್ಲಿ ಮೆಲಟೋನಿನ್ ಎಂಬ ರಸ ಏರುತ್ತದೆ, ದೀಪದ ಬೆಳಕಿನಲ್ಲಿ ಎಚ್ಚರ ಇರುವವರಿಗೆ ಇಳಿಯುತ್ತದೆ ಎಂದೂ ಡಾಕ್ಟರು ಹೇಳಿದ್ದರು. ಅವ್ವನ ರಕ್ತವನ್ನು ದೂರದ ಸಂಶೋಧನಾಲಯಕ್ಕೆ ಕಳಿಸಿ ಅಳೆಸಿದರೆ ಅದು ಕಡಿಮೆ ಬಂತು. "ಈ ಬ್ಯಾನಿಗೂ ಅದಕ್ಕೂ ಸಂಬಂಧ ಅದನೋ ಇಲ್ಲೋ, ಇನ್ನೂ ಗೊತ್ತಿಲ್ಲರಿ. ಗುಳಿಗಿ ಮಾತ್ರ ತಪ್ಪಸಬ್ಯಾಡ್ರಿ" ಎಂದರು ಡಾಕ್ಟರು.

ನಮ್ಮಪ್ಪ ತೋಟಪ್ಪನ ಕಿವಿಗೆ ಬಿದ್ದದ್ದು ಕತ್ತಲೆ ಒಂದೇ. ಅಂದೇ ಬಲ್ಬು ಬಿಚ್ಚಿ ಜೋಳದ ಡಬ್ಬಿಯಲ್ಲಿ ಹುಗಿದ, ಕಿಟಕಿಗೆ ಕಂಬಳಿ ಕಟ್ಟಿದ. ಏಳು ಹೊಡೆದರೆ ಸಾಕು, "ಮಲಗ ಮಲಗ, ರಸ ಏರಬೇಕು" ಎಂದು ಅವ್ವನ ಬೆನ್ನು ಹತ್ತುತ್ತಿದ್ದ. ಎದುರು ಮನೆಯ ಗುಡುಸಾಬನಿಗೂ ಅಂಗಳದ ದೀಪ ಆರಿಸೆಂದು ಕೈಮುಗಿದು ಬಂದ. ನಾನು ಎರಡು ಸಲ ನೀರಿನ ಕೊಡ ಎಡವಿ ಬಿದ್ದೆ. ನನಗೆ ಮೈ ಉರಿಯುತ್ತಿತ್ತು, ನಗುವೂ ಬರುತ್ತಿತ್ತು. ಹಗಲೆಲ್ಲ ಇನ್ನೊಂದು ಮಗ್ಗದಲ್ಲಿ ಹೊಟ್ಟೆಪಾಡಿನ ನೇಯ್ಗೆ, ನನ್ನ ಸೀರೆಗೆ ಅವ್ವನಿಗೆ ಬಿಡುವು ಸಿಗುತ್ತಿದ್ದದ್ದು ಸಂಜೆಯೇ. ಗುಳಿಗೆಯಿಂದ ರಕ್ತ ನಿಂತಿತು, ಅಪ್ಪನಿಂದ ಸಂಜೆಯ ನೇಯ್ಗೆಯೂ ನಿಂತಿತು.

ಮೂರು ತಿಂಗಳಿಗೆ ಪದರ ಸರಿಹೋಯಿತು. ಎಲ್ಲ ತನ್ನ ಕತ್ತಲೆಯ ಪ್ರತಾಪವೆಂದು ಅಪ್ಪ ಓಣಿಯೆಲ್ಲ ಸಾರಿದ. ಗುಳಿಗೆ ಬಿಟ್ಟ ಮೇಲೆ ನಾಲ್ಕೈದು ದಿನ ಮುಟ್ಟು ಬರುತ್ತದೆ, ಹೆದರಬೇಡಿ ಎಂದು ಡಾಕ್ಟರು ಹೇಳಿ ಕಳಿಸಿದರು.

ಬಂತು. ಮದುವೆಗೆ ಆರೇ ದಿನ ಇತ್ತು, ಸೀರೆಯ ಸೆರಗು ಬಾಕಿ. ಅವ್ವ ಹಿತ್ತಲ ಬಾಗಿಲಲ್ಲಿ ಕೂತು ಅತ್ತಳು. "ಇನ್ನ ನೀವ ಮುಗಸ್ರಿ."

ಅಪ್ಪ ಲಾಳಿ ಎತ್ತಿಕೊಂಡ. ಅದನ್ನು ತಂದು ಅವ್ವನ ಕೈಗಿಟ್ಟ.

"ಬಾ, ಕುಂಡ್ರು."

"ಹೊರಗಾಗೇನ್ರಿ! ಮಗ್ಗ ಮೈಲಿಗಿ ಆಗತೈತಿ."

"ಇದು ಗುಣಾದ ಮುಟ್ಟು. ಮಗ್ಗಕ್ಕ ನಾ ಅಂತೂ ಹೇಳಂಗಿಲ್ಲ. ನೀನೂ ಹೇಳಬ್ಯಾಡ."

ಅವ್ವ ಕಣ್ಣೊರೆಸಿಕೊಂಡು ಮಗ್ಗದ ಕುಣಿಗೆ ಇಳಿದಳು.